ಹುಲ್ಲು ಕಟ್ಟಿದ ಅಚ್ಚಿನ ಡಬ್ಬಿ

ಈ ವರ್ಷದ ಜನವರಿ ಹದಿಮೂರರ ಸಂಜೆ, ಸಂಕ್ರಾಂತಿಯ ಹಿಂದಿನ ದಿನ, ಬಂಗಾಳದ ಬೆಹಾಲಾದಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿ ನನ್ನ ಸಕ್ಕರೆ ಅಚ್ಚಿನ ಡಬ್ಬಿಗೆ ಹೊಸೆದ ಭತ್ತದ ಹುಲ್ಲು ಸುತ್ತಿ ಗಂಟು ಹಾಕಿದರು. ಇನ್ನು ಮೂರು ದಿನ ಇದನ್ನು ಬಿಚ್ಚುವಂತಿಲ್ಲ ಎಂದರು. ಆ ಅಚ್ಚುಗಳನ್ನು ನಾನು ಮರುದಿನ ಬೆಳಿಗ್ಗೆ ಹಂಚಬೇಕಿತ್ತು.

ಡಬ್ಬಿ ಅವರ ಕೋಣೆ ಸೇರಿದ್ದು ಇರುವೆಗಳ ದೆಸೆಯಿಂದ. ಮಹಡಿಯ ಮೇಲಿನ ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಒಂದು ಹಗಲು ಉಳಿದರೂ ಕಿಟಕಿಯ ಚೌಕಟ್ಟಿನಿಂದ ಕೆಂಪು ಸಾಲು ಇಳಿದು ಬರುತ್ತದೆ. ಕೆಳಗೆ ಮಾಶಿಮಾ ಅವರ ಊಟದ ಕೋಣೆಯಲ್ಲಿ ಜಾಲರಿ ಬಾಗಿಲಿನ ಹಳೆಯ ಮರದ ಕಪಾಟಿದೆ. ಅದರ ನಾಲ್ಕು ಕಾಲುಗಳೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಂತಿವೆ. ಇರುವೆ ಅದನ್ನು ಹತ್ತಲಾರದು. ನಾಲ್ಕು ವರ್ಷದಿಂದ ನನ್ನ ಅಚ್ಚುಗಳು ಅಲ್ಲಿಯೇ ಒಣಗುತ್ತವೆ.

ಮಾಶಿಮಾ ಎಂದರೆ ಚಿಕ್ಕಮ್ಮ. ಈ ಊರಿನಲ್ಲಿ ತಾಯಿಯ ವಯಸ್ಸಿನ ಯಾರನ್ನಾದರೂ ಹಾಗೆ ಕರೆಯಬಹುದು. ಅವರಿಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ನನ್ನನ್ನು ಬೌಮಾ ಎನ್ನುತ್ತಾರೆ, ಸೊಸೆ ಎಂದರ್ಥ. ನಮ್ಮಿಬ್ಬರ ಮಾತು ನಡೆಯುವುದು ಅವರ ಬಂಗಾಳಿ ಮತ್ತು ನನ್ನ ಅರೆಬರೆ ಬಂಗಾಳಿಯಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

ಮನೆ ಎರಡಂತಸ್ತಿನದು, ಕೆಂಪು ಗಾರೆಯ ನೆಲ, ಕಬ್ಬಿಣದ ತೊಲೆಗಳು. ಅರ್ಧ ಪಾಲು ಮಾಶಿಮಾ ಅವರದು, ಇನ್ನರ್ಧ ಅವರ ಮೈದುನನ ಮಗನದು. ಅವನು ಸಾಲ್ಟ್ ಲೇಕಿನಾಚೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯೊಡನೆ ಇದ್ದಾನೆ, ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸ. ಕಳೆದ ಮಳೆಗಾಲದಲ್ಲಿ ಮೆಟ್ಟಿಲ ಮೇಲಿನ ಗಾರೆ ಒಂದು ತಟ್ಟೆಯಗಲ ಕಳಚಿ ಬಿದ್ದಾಗ ಅವನು ಪ್ರೊಮೋಟರ್ ಒಬ್ಬನನ್ನು ಕರೆತಂದ. ಹಳೆಯ ಮನೆ ಕೆಡವಿ ಫ್ಲ್ಯಾಟುಗಳನ್ನು ಎಬ್ಬಿಸಿ, ಮಾಲೀಕರಿಗೆ ಅವರ ಪಾಲು ಕೊಟ್ಟು ಉಳಿದದ್ದನ್ನು ಮಾರುವವನನ್ನು ಇಲ್ಲಿ ಪ್ರೊಮೋಟರ್ ಎನ್ನುತ್ತಾರೆ. ಮಾಶಿಮಾ ಅವರಿಗೆ ಮೂರನೇ ಮಹಡಿಯಲ್ಲಿ ಎರಡು ಕೋಣೆ ಎಂದು ಮಾತಾಯಿತು. ಅವರ ಸಹಿಯೊಂದು ಬಾಕಿ. ಅದು ಬಿದ್ದರೆ ಅವರು ಮದುವೆಯಾಗಿ ಕಾಲಿಟ್ಟ ಮನೆ ಹೋಗುತ್ತದೆ, ನಾವು ಬೇರೆ ಮನೆ ಹುಡುಕಬೇಕಾಗುತ್ತದೆ. ಬೀಳದಿದ್ದರೆ ಅವನ ಹೆಂಡತಿ ಮೊದಲ ಹೆರಿಗೆ ಮುಗಿಸಿ ಬರುವುದು ಅದೇ ಒಂದು ಕೋಣೆಗೆ.

ಡಿಸೆಂಬರ್ ಮಧ್ಯದಲ್ಲಿ ಅವನು ಕಾಗದಪತ್ರ ಹಿಡಿದು ಬಂದ. ಮಾಶಿಮಾ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಪೌಷ್ ಹಿಡಿಯಿತಪ್ಪ. ಪೌಷದಲ್ಲಿ ಬೆಕ್ಕನ್ನೂ ಮನೆಯಿಂದ ಆಚೆ ಹಾಕಲ್ಲ. ಮನೆಯನ್ನೇ ಆಚೆ ಹಾಕಲಾ?"

"ಆಯಿತು ಜೇಠಿಮಾ. ಪೌಷ್ ಮುಗಿದ ಮಾರನೇ ದಿನ. ಮಾಘ ಒಂದು. ಜನವರಿ ಹದಿನೈದು. ಸರಿ ತಾನೆ?"

"ಬರಲಿ ಮಾಘ."

ಜೇಠಿಮಾ ಎಂದರೆ ದೊಡ್ಡಮ್ಮ. ಬಂಗಾಳಿಗಳ ಪೌಷ, ನಮ್ಮ ಧನುರ್ಮಾಸ ಸರಿಸುಮಾರು ಒಂದೇ. ಎರಡರಲ್ಲೂ ಶುಭಕಾರ್ಯವಿಲ್ಲ. ಆ ತಿಂಗಳು ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ಮಂಡಿನೋವಿನ ಮಾಶಿಮಾ ದಿನಕ್ಕೆರಡು ಸಲ ಮಹಡಿ ಹತ್ತಿ ಬಂದು, ಯಾಕೆ ಬಂದೆನೆಂದು ಹೇಳದೆ ಇಳಿದು ಹೋಗುತ್ತಿದ್ದರು. ನನ್ನ ಗಂಡ ಬ್ಯಾಂಕಿನಿಂದ ಬಂದವನು ಬಾಡಿಗೆ ಮನೆಗಳ ಜಾಹೀರಾತು ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಪತ್ರಿಕೆಯ ಡೆಸ್ಕಿನಲ್ಲಿ ನನ್ನ ಪಾಳಿ ಮಧ್ಯಾಹ್ನದಿಂದ. ಬೆಳಗಿನ ಹೊತ್ತೆಲ್ಲ ನಾನು ಸಕ್ಕರೆ ಕುದಿಸಿದೆ.

ಸಕ್ಕರೆ ಅಚ್ಚು ಮೈಸೂರು ಕಡೆಯ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಹಂಚುವ ಮಿಠಾಯಿ. ಗಿಳಿ, ಆನೆ, ಮೀನು, ತುಳಸಿಕಟ್ಟೆ, ಹೀಗೆ ಕೆತ್ತಿದ ಮರದ ಜೋಡಿ ಮಣೆಗಳಿರುತ್ತವೆ. ಮಣೆಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸುತ್ತ ತಿರುವಬೇಕು. ಅಂಚಿನಲ್ಲಿ ಬೆಳ್ಳಗಾಗುತ್ತಿದ್ದಂತೆ ಮಣೆಗೆ ಎರೆಯಬೇಕು. ಬೇಗ ಎರೆದರೆ ಗಿಳಿ ಕೂರುವುದಿಲ್ಲ. ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಆ ಹೊತ್ತಿನಲ್ಲಿ ಫೋನ್ ಬಂದರೆ ತೆಗೆಯಲಾಗದು, ಬಾಗಿಲು ಬಡಿದರೆ ಏಳಲಾಗದು. ಆ ತಿಂಗಳು ನನಗೆ ಬೇಕಾಗಿದ್ದದ್ದು ಅಂಥ ಕೆಲಸವೇ.

ಮೊದಲ ಸರದಿ ಕೆಟ್ಟಿತು. ಬೆಳ್ಳಗಾಗಲೆಂದು ಊರಿನಲ್ಲಿ ನಿಂಬೆರಸ ನಾಲ್ಕು ಹನಿ ಹಾಕುತ್ತಾರೆ. ನಾನು ಇಲ್ಲಿನ ಗಂಧರಾಜ ನಿಂಬೆಯನ್ನು, ಪರಿಮಳದ ಆಸೆಗೆ, ಅರ್ಧ ಹೋಳು ಹಿಂಡಿದೆ. ಹುಳಿ ಹೆಚ್ಚಾದರೆ ಸಕ್ಕರೆ ಗಟ್ಟಿಯಾಗುವುದಿಲ್ಲ. ಗಿಳಿಗಳು ಮಣೆಯಿಂದ ಎಳೆಎಳೆಯಾಗಿ ಎದ್ದವು. ಮಾಶಿಮಾ ಆಗ ತಾನೇ ಮೆಟ್ಟಿಲು ಹತ್ತಿ ಬಂದಿದ್ದರು.

"ಇದೇನು ಬೌಮಾ, ಗಿಳಿಗೆ ನೆಗಡಿಯಾ?"

"ನಿಂಬೆ ಜಾಸ್ತಿಯಾಯಿತು ಮಾಶಿಮಾ."

"ಪರಿಮಳ ಮಾತ್ರ ಚೆನ್ನಾಗಿದೆ. ಕೊಡು, ಚಮಚದಲ್ಲಿ ತಿನ್ನುತ್ತೇನೆ. ಡಾಕ್ಟರಿಗೆ ಹೇಳಬೇಡ."

ಅವರ ಹತ್ತಿರವೂ ಮರದ ಅಚ್ಚುಗಳಿವೆ, ತವರಿನಿಂದ ಬಂದ ಎರಡು ಜೋಡಿ. ಡೋಲ್ ಹಬ್ಬಕ್ಕೆ, ಅಂದರೆ ಹೋಳಿ ಹುಣ್ಣಿಮೆಗೆ, ಗುಡಿಯ ಶಿಖರದ ಆಕಾರದಲ್ಲಿ ಗುಲಾಬಿ, ಹಳದಿ ಸಕ್ಕರೆ ಮಿಠಾಯಿ ಮಾಡಿ ದೇವರ ಮುಂದಿಡುತ್ತಾರೆ. ಅದಕ್ಕೆ ಇಲ್ಲಿ ಮಠ್ ಎನ್ನುತ್ತಾರೆ. ಮಾಡುವ ಬಗೆ ಹೆಚ್ಚುಕಡಿಮೆ ನಮ್ಮದೇ. ನಾನು ಈ ಮನೆಗೆ ಬಂದ ಮೊದಲ ಚಳಿಗಾಲ, ನೆನೆಹಾಕಿದ ಮಣೆಗಳನ್ನು ಕಂಡು ಅವರು ಒಳಗೆ ಹೋಗಿ ತಮ್ಮವನ್ನು ತಂದು ಪಕ್ಕದಲ್ಲಿಟ್ಟಿದ್ದರು. ಪರಿಚಯ ಅಲ್ಲಿಂದ ಶುರುವಾಯಿತು.

ಸಂಕ್ರಾಂತಿಯ ಹಿಂದಿನ ಸಂಜೆಗೆ ಡಬ್ಬಿ ತುಂಬಿತ್ತು. ಅವತ್ತು ನಾನು ಕೆಲಸಕ್ಕೆ ರಜೆ ಹಾಕಿದ್ದೆ. ಮಗಳ ರೇಷ್ಮೆ ಲಂಗದ ಅಂಚು ಬಿಚ್ಚಿ ಉದ್ದ ಮಾಡುತ್ತ ಕೂತಿದ್ದಾಗ ಅವಳು ಮೆಟ್ಟಿಲು ಓಡಿ ಬಂದಳು. ಆರನೇ ಕ್ಲಾಸು. ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡುವಾಗ ಕಲಬೆರಕೆ. ಮಾಶಿಮಾ ಅವಳಿಗೆ ದಿದಾ, ಅಂದರೆ ಅಜ್ಜಿ.

"ಅಮ್ಮಾ, ದಿದಾ ಎಲ್ಲಾದಕ್ಕೂ ಹುಲ್ಲು ಕಟ್ತಾ ಇದಾರೆ. ಫ್ರಿಜ್ಜಿಗೂ!"

ಇಳಿದು ಹೋಗಿ ನೋಡಿದೆ. ಹುಲ್ಲಿನ ಎಳೆಗಳಿಗೆ ಸಾಸಿವೆ ಹೂ, ಮಾವಿನೆಲೆ ಸಿಕ್ಕಿಸಿ ಮಾಶಿಮಾ ಅಕ್ಕಿ ಡ್ರಮ್ಮಿಗೆ, ಬೀರುವಿನ ಹಿಡಿಗೆ, ದೇವರ ಕೋಣೆಯ ಚಿಲಕಕ್ಕೆ ಕಟ್ಟಿ ಆಗಿತ್ತು. ಗೇಟಿನ ಅಗುಳಿಗೂ ಒಂದು, ತೆರೆಯಲು ಅಡ್ಡಿಯಾಗದಂತೆ. ಪೌಷ ಸಂಕ್ರಾಂತಿಗೆ ಹೀಗೆ ಕಟ್ಟಿದರೆ ಮನೆಯ ಲಕ್ಷ್ಮಿ ಹೊರಗೆ ಹೋಗುವುದಿಲ್ಲ. ಕಟ್ಟಿದ ಮೇಲೆ ಮೂರು ದಿನ, ಬಾಡಿಗೆಯವರಾದ ನಮ್ಮನ್ನು ಬಿಟ್ಟು, ಮನೆಯವರೂ ಹೊರಗೆ ಹೋಗಬಾರದು, ಕಟ್ಟಿದ ವಸ್ತುವನ್ನೂ ಹೊರಗೆ ಕಳಿಸಬಾರದು. ಹಿಂದಿನ ವರ್ಷಗಳಲ್ಲಿ ಅಕ್ಕಿ ಡ್ರಮ್ಮಿಗೊಂದು, ದೇವರ ಕೋಣೆಗೊಂದು ಕಟ್ಟಿ ಸುಮ್ಮನಾಗುತ್ತಿದ್ದರು. ನಾನು ಕೆಳಗಿಳಿಯುವ ಹೊತ್ತಿಗೆ ಜಾಲರಿ ಕಪಾಟಿನೊಳಗೆ ಕೈ ಹಾಕಿ ನನ್ನ ಡಬ್ಬಿಗೆ ಗಂಟು ಬಿಗಿಯುತ್ತಿದ್ದರು.

"ಮಾಶಿಮಾ, ಅದು ನನ್ನದು."

"ಗೊತ್ತು. ನಿನ್ನದಾದರೆ ಈ ಮನೆಯದಲ್ಲವಾ?"

ಗಂಟು ಬಿದ್ದಿತ್ತು. ನಾಳೆ ಬೇಕೆಂದು ನಾನು ಮೊದಲೇ ಹೇಳಿರಲಿಲ್ಲ. ಪ್ರತಿ ವರ್ಷ ಸಂಕ್ರಾಂತಿಯ ಬೆಳಿಗ್ಗೆ ನಾನು ಡಬ್ಬಿ ಒಯ್ಯುವುದನ್ನು ಅವರು ನೋಡಿದ್ದರು. ಆ ಸಂಜೆ ಅವರಿಗೆ ಅದು ನೆನಪಿಗೆ ಬಂದಿರಲಿಲ್ಲವೋ ಏನೋ, ನಾನು ಕೇಳಲಿಲ್ಲ.

ಮೇಲೆ ನನ್ನ ಗಂಡ ವಿಷಯ ತಿಳಿದು ನಕ್ಕ. "ಗಿಳಿಗಳಿಗೆ ಜಾಮೀನು ಸಿಗಲ್ವೇನೆ? ಜಾಲರಿ ಬಾಗಿಲು, ಸುತ್ತ ನೀರು, ಮೇಲೆ ಹಗ್ಗ. ಇಷ್ಟು ಬಂದೋಬಸ್ತು ನಮ್ಮ ಸ್ಟ್ರಾಂಗ್ ರೂಮಿಗೂ ಇಲ್ಲ."

"ಬೆಳಿಗ್ಗೆ ಕೇಳ್ತೀನಿ."

"ಕೇಳು. ಆದ್ರೆ ನಾಡಿದ್ದು ರಿಜಿಸ್ಟ್ರಿ. ಅದಕ್ಕೂ ಆಯಮ್ಮ ಗೇಟು ದಾಟಲೇಬೇಕಲ್ಲ? ಮೂರು ದಿನ ಅಂದ್ರೆ ಹದಿನಾರಕ್ಕೆ ಮುಗಿಯೋದು."

ಅಲ್ಲಿಯವರೆಗೆ ನಾನು ಆ ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಹಬ್ಬದ ಬೆಳಿಗ್ಗೆ ಮೈದುನನ ಮಗ ಬಂದಿದ್ದ. ಹಬ್ಬದೂಟಕ್ಕೆ, ಮರುದಿನದ ವಿಷಯ ನೆನಪಿಸುವುದಕ್ಕೆ. ಮಾಶಿಮಾ ಅಕ್ಕಿಹಿಟ್ಟಿನ ಪಿಠೆಗೆ ತೆಂಗಿನಕಾಯಿ, ಖರ್ಜೂರದ ಬೆಲ್ಲದ ಹೂರಣ ತುಂಬಿ ತಟ್ಟೆಗೆ ಹಾಕುತ್ತಿದ್ದರು. ಅವನು ಒಂದರ ಮೇಲೊಂದು ತಿನ್ನುತ್ತಿದ್ದ. ಮಗಳು ಲಂಗ ಉಟ್ಟು, ಎಳ್ಳಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಹಿಂದೆ ನಾನು.

"ದಿದಾ, ನಮ್ಮ ಡಬ್ಬಿ?"

ಮಾಶಿಮಾ ಕಪಾಟಿನ ಕಡೆ ನೋಡಿದರು, ಮಗುವಿನ ಕಡೆ ನೋಡಿದರು. ಹುಡುಗಿ ಗೊಣಗಲಿಲ್ಲ, ಕಣ್ಣು ಮಾತ್ರ ತುಂಬಿತು. ಮಾಶಿಮಾ ಎದ್ದು ಕಪಾಟು ತೆರೆದು ಗಂಟಿನ ಮೇಲೆ ಬೆರಳಿಟ್ಟರು.

"ಬಿಚ್ಚಿ ಜೇಠಿಮಾ," ಎಂದ ಅವನು, ಬಾಯಿ ಒರೆಸಿಕೊಳ್ಳುತ್ತ. "ಹಬ್ಬದ ದಿನ ಮಗು ಅಳಬಾರದು. ಹುಲ್ಲು ತಾನೆ? ಇಲ್ಲಿಯದನ್ನು ಬಿಚ್ಚಿದರೆ ಏನೂ ಆಗಲ್ಲ ಅಂತ ಆಯಿತು. ಆಗ ನಾಳೆ ಗೇಟಿನದ್ದನ್ನು ನಾನೇ ಬಿಚ್ಚುತ್ತೇನೆ. ಹತ್ತಕ್ಕೆ ಕಾರು ತರುತ್ತೇನೆ."

ಅವನ ದನಿಯಲ್ಲಿ ಕೆಡುಕಿರಲಿಲ್ಲ. ಮಾಶಿಮಾ ಅವರ ಬೆರಳು ಗಂಟಿನ ಮೇಲೆಯೇ ಇತ್ತು. ಅವರು ನನ್ನನ್ನು ನೋಡಿದರು.

"ಬೇಡ ಮಾಶಿಮಾ," ಎಂದೆ. "ಇವತ್ತೇ ಆಗಬೇಕು ಅಂತಿಲ್ಲ. ನಮ್ಮಲ್ಲಿ ರಥಸಪ್ತಮಿಯವರೆಗೂ ಎಳ್ಳು ಬೀರಬಹುದು."

ಇದು ನಿಜ. ಸಂಕ್ರಾಂತಿಗೆ ಆಗದಿದ್ದವರು ಮಾಘ ಶುದ್ಧ ಸಪ್ತಮಿಯೊಳಗೆ ಯಾವತ್ತಾದರೂ ಹಂಚುತ್ತಾರೆ. ನಾನು ಹಾಗೆ ಎಂದೂ ಮಾಡಿರಲಿಲ್ಲ, ಅಷ್ಟೆ.

"ರಥ?" ಎಂದರು ಮಾಶಿಮಾ. "ಅದು ಆಷಾಢದಲ್ಲಲ್ಲವಾ?"

"ಅದು ಜಗನ್ನಾಥನದು. ಇದು ಸೂರ್ಯನದು. ಇನ್ನೂ ದಿನ ಇದೆ."

ಅವರು ಬೆರಳು ತೆಗೆದು ಕಪಾಟಿನ ಬಾಗಿಲು ಮುಚ್ಚಿದರು. ಮಗಳಿಗೆ ಎರಡು ಪಿಠೆ ಕೊಟ್ಟರು. ಅವನಿಗೆ ಮತ್ತೆ ಬಡಿಸಲಿಲ್ಲ.

ಅವತ್ತು ಬೆಹಾಲಾದ ಮೂರು ಕನ್ನಡ ಮನೆಗಳಿಗೆ ಎಳ್ಳು ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು ಮಾತ್ರ ಒಯ್ದೆವು. ಉಡುಪಿ ಕಡೆಯವರ ಮನೆಯಲ್ಲಿ ಈ ಪದ್ಧತಿಯೇ ಇಲ್ಲ, ಆದರೂ ಅಚ್ಚಿಗಾಗಿ ಕಾದಿರುತ್ತಾರೆ. ಆ ಮನೆಯಾಕೆ ತಟ್ಟೆಯ ಮೇಲಿನ ಬಟ್ಟೆ ಎತ್ತಿ ನೋಡಿ ಹೇಳಿದರು: "ಎಂಥದು ಮಾರಾಯ್ರೆ, ಈ ಸರ್ತಿ ಗಿಳಿ ಹಾರಿಹೋಯ್ತಾ? ಡಿಸೆಂಬರಿನಿಂದ ಸಕ್ಕರೆ ಕುದಿಸ್ತಿದ್ದೇನೆ ಅಂತ ಫೋನಲ್ಲಿ ಹೇಳಿದ್ದು ನೀವೇ ಅಲ್ವಾ?"

"ಒಣಗಿಲ್ಲ ಇನ್ನೂ," ಎಂದೆ.

ಮಗಳು ಮಧ್ಯೆ ಬಾಯಿ ಹಾಕಿದಳು. "ಆಂಟಿ, ಅವು ಅರೆಸ್ಟ್ ಆಗಿವೆ. ಸಪ್ತಮಿ ಕೋ ಛೂಟೇಗಾ, ಆವಾಗ ಬಿಡ್ತಾರೆ."

ಹದಿನೈದರಂದು ಹತ್ತಕ್ಕೆ ಕಾರು ಬಂತು. ಮಾಶಿಮಾ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಅವನು ಗೇಟಿನ ಆಚೆ ನಿಂತಿದ್ದ, ಅಗುಳಿಯ ಮೇಲೆ ಹುಲ್ಲಿತ್ತು. ಅದನ್ನು ಅವನು ಮುಟ್ಟಲಿಲ್ಲ. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಮಾತಾಡಿದರು, ಕೇಳಿಸಲಿಲ್ಲ. ಕಾರು ಖಾಲಿಯಾಗಿ ಹೋಯಿತು.

ಮೂರು ದಿನ ಕಳೆಯಿತು. ಗೇಟಿನದು, ಬೀರುವಿನದು, ಡ್ರಮ್ಮಿನದು, ಎಲ್ಲ ಹುಲ್ಲನ್ನೂ ಮಾಶಿಮಾ ತೆಗೆದರು. ಡಬ್ಬಿಯದನ್ನು ಬಿಟ್ಟರು. ನಾನು ಕೇಳುವ ಮೊದಲೇ ಹೇಳಿದರು, "ನಿನ್ನ ಸೂರ್ಯನ ದಿನಕ್ಕೆ ಬಿಚ್ಚೋಣ. ಆತುರ ಏನಿದೆ?"

ಆ ವಾರ ನಾನು ಡೆಸ್ಕಿಗೆ ಹೊರಡುವ ಹೊತ್ತಿಗೆ ಮೈದುನನ ಮಗನ ಫೋನ್ ಬಂತು.

"ಬೌದಿ, ಒಂದು ಮಾತು ಕೇಳಲಾ? ನಿಜವಾಗಿಯೂ ನಿಮ್ಮಲ್ಲಿ ಅಂಥ ಹಬ್ಬ ಇದೆಯಾ?"

"ಇದೆ."

"ಇದೆ, ನಾನೂ ಫೋನಿನಲ್ಲಿ ನೋಡಿದೆ. ಆದರೆ ಜೇಠಿಮಾ ಹೇಳ್ತಾರೆ, ತಾನು ಕಟ್ಟಿದ ಗಂಟು ಒಂದು ಬಾಕಿ ಇರುವಾಗ ಸಹಿ ಹಾಕುವ ಹಾಗಿಲ್ಲವಂತೆ. ಅದನ್ನು ಬಿಚ್ಚುವುದು ನಿಮ್ಮ ಹಬ್ಬಕ್ಕಂತೆ. ಪಂಜಿಕೆಯಲ್ಲಿ ಹೀಗೆ ಎಲ್ಲೂ ಇಲ್ಲ ಬೌದಿ. ನಿಮ್ಮದರಲ್ಲಿ ಇದೆಯಾ?"

ಬೌದಿ ಎಂದರೆ ಅತ್ತಿಗೆ, ಪಂಜಿಕೆ ಎಂದರೆ ಅವರ ಪಂಚಾಂಗ. ನಮ್ಮದರಲ್ಲೂ ಇಲ್ಲ ಎಂದೆ.

"ನಾನು ಅವರನ್ನು ಬೀದಿಗೆ ಹಾಕ್ತಿಲ್ಲ. ಮೆಟ್ಟಿಲ ಮೇಲಿನ ತೊಲೆ ನೋಡಿದ್ದೀರಾ? ತುಕ್ಕು ಹಿಡಿದು ಊದಿದೆ. ಮಾರ್ಚಿನಲ್ಲಿ ನನಗೆ ಮಗು. ಈ ಒಂದು ಕೋಣೆಯಲ್ಲಿ ತೊಟ್ಟಿಲು ಎಲ್ಲಿಡಲಿ ಹೇಳಿ."

ದಿನಕ್ಕೆರಡು ಬಾರಿ ಆ ತೊಲೆಯ ಕೆಳಗೆ ಹಾದು ಹೋಗುವವಳು ನಾನು. ಊದಿರುವುದು ನಿಜ. ಅದನ್ನೇ ಹೇಳಿದೆ. ಬಸ್ಸಿನಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ರಥಸಪ್ತಮಿಯವರೆಗಿನ ದಿನಗಳಲ್ಲಿ ನಾನು ಸಕ್ಕರೆ ಕುದಿಸಲಿಲ್ಲ. ಗಂಡ ಎರಡು ಫ್ಲ್ಯಾಟು ನೋಡಿ ಬಂದ. ಒಂದರಲ್ಲಿ ಅಡುಗೆಮನೆಗೆ ಕಿಟಕಿಯಿಲ್ಲ, ಇನ್ನೊಂದು ಮೆಟ್ರೋಗೆ ದೂರ. ಮಗಳು ಎರಡನ್ನೂ ಬೇಡವೆಂದಳು, ನೋಡದೆಯೇ. ಮಾಶಿಮಾ ಮಹಡಿ ಹತ್ತುವುದನ್ನು ನಿಲ್ಲಿಸಿದರು. ಕೆಳಗೆ ಅವರು ಕೋಣೆಯಿಂದ ಕೋಣೆಗೆ ಓಡಾಡುವ ಚಪ್ಪಲಿ ಸದ್ದು ಮೇಲಕ್ಕೆ ಕೇಳುತ್ತಿತ್ತು.

ಸಪ್ತಮಿಯ ಬೆಳಿಗ್ಗೆ ಅವರೇ ಕರೆಸಿದರು. ಮೈದುನನ ಮಗನನ್ನೂ ಕರೆಸಿದ್ದರು. ಡಬ್ಬಿ ಮೇಜಿನ ಮೇಲಿತ್ತು, ಹುಲ್ಲು ಒಣಗಿ ಹಳದಿಯಾಗಿತ್ತು, ಸಾಸಿವೆ ಹೂ ಉದುರಿತ್ತು. ಮಾಶಿಮಾ ಗಂಟು ಬಿಚ್ಚಿದರು. ಕತ್ತರಿ ಕೊಡಲೇ ಎಂದರೆ ಬೇಡವೆಂದರು. ಅಚ್ಚುಗಳಲ್ಲಿ ಒಂದೂ ಕರಗಿರಲಿಲ್ಲ, ಒಂದಕ್ಕೂ ಇರುವೆ ಮುತ್ತಿರಲಿಲ್ಲ. ಮೀನೊಂದರ ಬಾಲ ಮುರಿದಿತ್ತು. ಅದನ್ನು ತಮ್ಮ ಬಾಯಿಗೆ ಹಾಕಿಕೊಂಡು, ಗಿಳಿಯೊಂದನ್ನು ಅವನ ಕೈಗಿಟ್ಟರು.

"ತಿನ್ನು."

ಅವನು ತಿನ್ನಲಿಲ್ಲ, ಹಿಡಿದುಕೊಂಡ. "ಜೇಠಿಮಾ, ಈಗ ಗಂಟು ಯಾವುದೂ ಬಾಕಿಯಿಲ್ಲ. ಪ್ರೊಮೋಟರ್ ಇನ್ನು ಕಾಯಲ್ಲ ಅಂತಿದ್ದಾನೆ."

"ಕಾಯಬೇಡ ಅನ್ನು."

"ಅಂದರೆ?"

"ಅಂದರೆ ಅಷ್ಟೇ. ಮೂರನೇ ಮಹಡಿ ನನಗೆ ಬೇಡ. ಒಂದು ತಿಂಗಳು ಯೋಚಿಸಿದೆ, ಅದರ ಮೇಲೆ ಇನ್ನಷ್ಟು ದಿನ ಇವಳ ಸೂರ್ಯ ಕೊಟ್ಟ. ಈ ಮನೆಗೆ ಬನ್ನಿ, ನೀನು, ನಿನ್ನ ಹೆಂಡತಿ, ತೊಟ್ಟಿಲು. ದೇವರ ಕೋಣೆ ಬಿಟ್ಟು ಯಾವ ಕೋಣೆ ಬೇಕಾದರೂ ತಗೋ. ತೊಲೆ ರಿಪೇರಿ ಮಾಡಿಸೋಣ. ಕೆಡವೋದು ನನ್ನ ಆಮೇಲೆ."

"ಆಮೇಲೆ ಅಂದರೆ ಯಾವಾಗ ಜೇಠಿಮಾ?"

ಕೇಳಿದ ಮೇಲೆ ಅವನ ಮುಖ ಕೆಂಪಾಯಿತು. ಮಾಶಿಮಾ ಡಬ್ಬಿಯ ಮುಚ್ಚಳ ಹಾಕಿದರು.

"ಆ ತಾರೀಖು ಪಂಜಿಕೆಯಲ್ಲಿ ಇರಲ್ಲಪ್ಪ. ಇದ್ದಿದ್ದರೆ ನಾನೇ ಮೊದಲು ನೋಡುತ್ತಿದ್ದೆ."

ಅವನು ಎದ್ದ. ಗಿಳಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟುಕೊಂಡ. ಮೆಟ್ಟಿಲ ಬಳಿ ನಿಂತು ತಲೆಯೆತ್ತಿ ತೊಲೆಯನ್ನೊಮ್ಮೆ ನೋಡಿ ಹೋದ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಅವತ್ತು ಮಧ್ಯಾಹ್ನದೊಳಗೆ ಮಗಳು ಅಚ್ಚುಗಳನ್ನೆಲ್ಲ ಹಂಚಿ ಮುಗಿಸಿದಳು. ಉಡುಪಿಯಾಕೆ ಗಿಳಿಯನ್ನು ಕಚ್ಚಿ, "ಒಳ್ಳೆ ಗಟ್ಟಿ ಉಂಟು. ಜೈಲೂಟ ಆಗ್ತದೆ ಇವಕ್ಕೆ," ಎಂದರಂತೆ.

ಫೆಬ್ರವರಿ ಕೊನೆಯಲ್ಲಿ ಪ್ರೊಮೋಟರ್ ಪಕ್ಕದ ಮನೆಯನ್ನು ಕೊಂಡ. ಕೆಡವುವ ಕೆಲಸ ಶುರುವಾಗಿ ನಮ್ಮ ಅಡುಗೆಮನೆಯ ಕಿಟಕಿಯನ್ನು ದಿನವಿಡೀ ಮುಚ್ಚಿರಬೇಕಾಯಿತು. ಸುತ್ತಿಗೆ ಬಿದ್ದಾಗಲೆಲ್ಲ ಜಾಲರಿ ಕಪಾಟಿನ ಕಾಲಡಿಯ ಬಟ್ಟಲುಗಳಲ್ಲಿ ನೀರು ನಡುಗುತ್ತಿತ್ತು. ಮೆಟ್ಟಿಲ ಮೇಲಿನ ತೊಲೆಗೆ ಮೇಸ್ತ್ರಿಯೊಬ್ಬ ಬಂದು ಊರೆಗಂಬ ಕೊಟ್ಟು ಹೋದ. ಪೂರ್ತಿ ರಿಪೇರಿ ಪಕ್ಕದ ಕೆಲಸ ಮುಗಿದ ಮೇಲೆಯೇ ಎಂದ. ಗಂಡ ಮೆಟ್ರೋಗೆ ದೂರದ ಫ್ಲ್ಯಾಟಿನವನಿಗೆ ಇಲ್ಲವೆಂದೂ ಹೇಳಿಲ್ಲ, ಹೂಂ ಎಂದೂ ಹೇಳಿಲ್ಲ.

ಡೋಲ್ ಹಬ್ಬಕ್ಕೆ ಮೊದಲು ಮಾಶಿಮಾ ತಮ್ಮ ಎರಡು ಜೋಡಿ ಮಣೆಗಳನ್ನು ನೆನೆಹಾಕಿದರು. ಧೂಳು ಬೀಳದಂತೆ ಕೋಣೆಯ ಬಾಗಿಲುಗಳನ್ನೆಲ್ಲ ಮುಚ್ಚಿ, ನಾನು ಪಾಕ ತಿರುವಿದೆ, ಅವರು ಎರೆದರು. ನಿಂಬೆ ಹಾಕಲಿಲ್ಲ. ಗುಲಾಬಿ ಬಣ್ಣದವು ಚೆನ್ನಾಗಿ ಎದ್ದವು, ಹಳದಿಯವುಗಳಲ್ಲಿ ಎರಡರ ಶಿಖರ ಮುರಿಯಿತು.

ಹಬ್ಬದ ಮರುವಾರ ಮೈದುನನ ಮಗನ ಫೋನ್ ಬಂತು, ಹೆಣ್ಣುಮಗು. ಮಾಶಿಮಾ ದೇವರ ಮುಂದಿನಿಂದ ಗುಲಾಬಿ ಮಠ್‌ಗಳನ್ನು ತೆಗೆದು ನನ್ನ ಅಚ್ಚಿನ ಡಬ್ಬಿಯಲ್ಲಿ ತುಂಬಿ ಜಾಲರಿ ಕಪಾಟಿನಲ್ಲಿಟ್ಟರು. ರಸ್ತೆಯ ಕಡೆಯ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದರು.

ಮಗುವನ್ನು ಕರೆದುಕೊಂಡು ಅವರು ಇವತ್ತಿನವರೆಗೆ ಬಂದಿಲ್ಲ. ಡಬ್ಬಿ ಕಪಾಟಿನಲ್ಲಿದೆ, ಹುಲ್ಲು ಕಟ್ಟಿಲ್ಲ.